ಅಲೆಕ್ಸಾಂಡ್ರಿಯದಲ್ಲಿ ಒಂದು ಹಗಲು



ಝೀಲಂ ನದಿಯ ದಡದಲ್ಲಿ ಅಲೆಕ್ಸಾಂಡರನಿಗೂ ಪೋರಸನಿಗೂ ನಡೆದ ಯುದ್ಧದ ಕಥೆಯನ್ನು ನೀವು ಶಾಲೆಯಲ್ಲಿ ಓದಿದ್ದೀರಿ. ಅದು ನಡೆದದ್ದು ಕ್ರಿ.ಪೂ. 326ರಲ್ಲಿ. ಅದಕ್ಕೆ ಐದು ವರ್ಷ ಮೊದಲು, ಕ್ರಿ.ಪೂ. 331ರಲ್ಲಿ, ಇದೇ ಅಲೆಕ್ಸಾಂಡರ್ ಈಜಿಪ್ಟಿನ ಕಡಲತೀರದಲ್ಲಿ ಒಂದು ನಗರಕ್ಕೆ ತಳಪಾಯ ಹಾಕಿಸಿದ. ಅವನು ಗೆದ್ದ ಸಾಮ್ರಾಜ್ಯ ಅವನ ಮರಣದೊಂದಿಗೇ ಚೂರುಚೂರಾಯಿತು. ಆದರೆ ಅವನ ಹೆಸರು ಹೊತ್ತ ಆ ನಗರ ಇಂದಿಗೂ ಬದುಕಿದೆ. ಬನ್ನಿ, ಈ ಅಲೆಕ್ಸಾಂಡ್ರಿಯವನ್ನು ಒಂದು ಹಗಲಿನಲ್ಲಿ ಸುತ್ತಿ ಬರೋಣ. ದಾರಿಯುದ್ದಕ್ಕೂ ಒಂದು ಪ್ರಶ್ನೆ ನಮ್ಮ ಮನಸ್ಸಿನಲ್ಲಿರಲಿ: ಒಂದು ಊರು ಕೂಡಿಟ್ಟ ಜ್ಞಾನ ಹೇಗೆ ಕಳೆದುಹೋಗುತ್ತದೆ? ಅದನ್ನು ಉಳಿಸುವವರು ಯಾರು?

ಬೆಳಗಿನ ಹೊತ್ತು ಕಡಲಿನೊಳಕ್ಕೆ ಚಾಚಿದ ನೆಲದ ತುದಿಯಿಂದ ಹೊರಡೋಣ. ಹಿಂದೆ ಇದು ಫರೋಸ್ ಎಂಬ ಪುಟ್ಟ ದ್ವೀಪ. ದಡಕ್ಕೂ ದ್ವೀಪಕ್ಕೂ ನಡುವೆ ಸುಮಾರು 1,200 ಮೀಟರ್ ಉದ್ದದ ಕಟ್ಟೆ ಕಟ್ಟಿದ್ದರಿಂದ ಅದರ ಎರಡೂ ಪಕ್ಕದಲ್ಲಿ ಎರಡು ಬಂದರುಗಳಾದವು. ಕಾಲಕ್ರಮದಲ್ಲಿ ಕಟ್ಟೆಯ ಬದಿಗಳಲ್ಲಿ ಮಣ್ಣು ತುಂಬಿ ದ್ವೀಪವೇ ನೆಲಕ್ಕೆ ಸೇರಿಕೊಂಡಿತು. ಕ್ರಿ.ಪೂ. 280ರ ಸುಮಾರಿಗೆ ಇಲ್ಲಿ ಪೂರ್ಣಗೊಂಡ ದೀಪಸ್ತಂಭ ನೂರು ಮೀಟರಿಗೂ ಎತ್ತರವಿತ್ತೆಂದು ಹೇಳುತ್ತಾರೆ. ಅದು ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದು. ನೂರಾರು ವರ್ಷ ನಾವಿಕರಿಗೆ ದಾರಿ ತೋರಿದ ಅದು ಒಂದಾದ ಮೇಲೊಂದು ಭೂಕಂಪಕ್ಕೆ ಸಿಕ್ಕಿ, ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಹಾಳಾಯಿತು. ಅದೇ ಜಾಗದಲ್ಲಿ ಸುಲ್ತಾನ್ ಕಾಯತ್‌ಬೇ 1477ರಿಂದ 1479ರವರೆಗೆ ಕಟ್ಟಿಸಿದ ಕೋಟೆ ಈಗ ನಮ್ಮೆದುರಿಗಿದೆ.

ದೀಪಸ್ತಂಭದ ಕಲ್ಲುಗಳು ಎಲ್ಲಿ ಹೋದವು? ಕೋಟೆಯ ಬುಡದಲ್ಲೇ, ನೀರಿನಡಿಯಲ್ಲಿ ಬಿದ್ದಿದ್ದವು. 1990ರ ದಶಕದ ಆರಂಭದಲ್ಲಿ, ಅಲೆಗಳ ಹೊಡೆತದಿಂದ ಕೋಟೆಯನ್ನು ಕಾಪಾಡಲೆಂದು ಭಾರಿ ಕಾಂಕ್ರೀಟ್ ದಿಮ್ಮಿಗಳನ್ನು ಈ ಕಡಲಿಗೆ ಇಳಿಸುತ್ತಿದ್ದರು. ಒಂದು ಸ್ಮಾರಕವನ್ನು ಉಳಿಸುವ ಆ ಕೆಲಸ, ಅದಕ್ಕಿಂತ ಹಳೆಯ ಸ್ಮಾರಕದ ಮೇಲೆ ಬೀಳುತ್ತಿತ್ತು! ಕಡೆಗೆ ಕೆಲಸ ನಿಂತು, 1994ರಿಂದ ಫ್ರೆಂಚ್ ಪುರಾತತ್ವಜ್ಞ ಜಾನ್-ಈವ್ ಎಂಪರರ್ ಅವರ ತಂಡ ನೀರೊಳಗೆ ಶೋಧ ನಡೆಸಿತು. ಸಾವಿರಾರು ಕಲ್ಲುಗಳು, ಸ್ಫಿಂಕ್ಸ್‌ಗಳು, ವಿಗ್ರಹಗಳ ಭಾಗಗಳು ಅಲ್ಲಿ ದೊರೆತವು. ಒಳ್ಳೆಯ ಉದ್ದೇಶವೊಂದೇ ಸಾಲದು, ಕಾಲಡಿಯಲ್ಲಿ ಏನಿದೆ ಎಂಬ ತಿಳುವಳಿಕೆಯೂ ಬೇಕು ಎಂಬುದು ಇಲ್ಲಿಯ ಮೊದಲ ಪಾಠ.

ಇನ್ನು ಊರಿನ ಒಳಗೆ, ನೈಋತ್ಯದ ಕಡೆಗೆ ಹೋಗೋಣ. ದಿಬ್ಬವೊಂದರ ಮೇಲೆ ಸುಮಾರು 27 ಮೀಟರ್ ಎತ್ತರದ ಕೆಂಪು ಕಲ್ಲಿನ ಕಂಬ ಒಂಟಿಯಾಗಿ ನಿಂತಿದೆ. ಜನ ಇದನ್ನು ಪಾಂಪೆಯ ಕಂಬ ಎನ್ನುತ್ತಾರೆ. ಆದರೆ ರೋಮನ್ ಸೇನಾನಿ ಪಾಂಪೆಗೂ ಇದಕ್ಕೂ ಸಂಬಂಧವಿಲ್ಲ. ಕ್ರಿ.ಶ. 300ರ ಆಸುಪಾಸಿನಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್‌ನ ಗೌರವಾರ್ಥ ಇದನ್ನು ನಿಲ್ಲಿಸಿದರು. ಹೆಸರು ತಪ್ಪಾದರೂ ಬಾಯಿಂದ ಬಾಯಿಗೆ ನಡೆದುಬಂತು! ಈ ದಿಬ್ಬದಲ್ಲಿ ಸೆರಾಪಿಸ್ ದೇವರ ದೊಡ್ಡ ಗುಡಿಯಿತ್ತು. ನಗರದ ಮಹಾಗ್ರಂಥಾಲಯದ ಶಾಖೆಯೂ ಇಲ್ಲೇ ಇತ್ತು.

ಹತ್ತಿರದಲ್ಲೇ ಕೋಮ್ ಎಲ್ ಶೊಕಾಫಾ ಎಂಬ ನೆಲದಡಿಯ ಸಮಾಧಿಗಳಿವೆ. 1900ರಲ್ಲಿ ಕತ್ತೆಯೊಂದು ನೆಲ ಕುಸಿದು ಒಳಗೆ ಬಿದ್ದಾಗ ಇವು ಬೆಳಕಿಗೆ ಬಂದವಂತೆ. ಸುತ್ತುಮೆಟ್ಟಿಲಿಳಿದು ಹೋದರೆ, ಕ್ರಿ.ಶ. ಎರಡನೆಯ ಶತಮಾನದ ಕೆತ್ತನೆಗಳು ಕಾಣುತ್ತವೆ. ನರಿಮುಖದ ಈಜಿಪ್ಟಿನ ದೇವರು ಅನುಬಿಸ್ ಇಲ್ಲಿ ರೋಮನ್ ಸೈನಿಕನ ಉಡುಪು ತೊಟ್ಟಿದ್ದಾನೆ! ಈಜಿಪ್ಟಿನವರು, ಗ್ರೀಕರು, ಯಹೂದಿಗಳು, ರೋಮನರು ಎಲ್ಲರೂ ಕೂಡಿ ಬಾಳಿದ ಊರು ಇದು. ಅವರಲ್ಲಿ ಜಗಳಗಳೂ ಇದ್ದವು, ಕೊಡುಕೊಳೆಯೂ ಇತ್ತು.

ಈ ಕೊಡುಕೊಳೆಯಲ್ಲಿ ಭಾರತಕ್ಕೂ ಪಾಲಿತ್ತು. ಕ್ರಿ.ಶ. ಎರಡನೆಯ ಶತಮಾನದ ಸಾಲಪತ್ರವೊಂದು ಪಪೈರಸ್ ಹಾಳೆಯಲ್ಲಿ ಸಿಕ್ಕಿದೆ. ಕೇರಳದ ಮುಸಿರಿಸ್ ಬಂದರಿನ ಸರಕು ಕೆಂಪು ಸಮುದ್ರ ದಾಟಿ, ನೈಲ್ ನದಿಯಲ್ಲಿ ಇಳಿದು, ಅಲೆಕ್ಸಾಂಡ್ರಿಯದ ಉಗ್ರಾಣ ಸೇರಿ, ನಾಲ್ಕನೆಯ ಒಂದು ಭಾಗ ಸುಂಕ ತೆರಬೇಕಾಗಿದ್ದುದು ಅದರಿಂದ ತಿಳಿಯುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆಯೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಸೂಚಿಸಿದ ಸಂಗತಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆದರೆ ಆ ಪ್ರಹಸನದ ಕಥೆ ನಡೆಯುವುದು ಭಾರತದ ಕರಾವಳಿಯಲ್ಲಿ ಎಂಬುದು ನಮಗೆ ಕುತೂಹಲದ ವಿಷಯ.

ಮಧ್ಯಾಹ್ನ ಊರಿನ ನಡುವಿನ ಕೋಮ್ ಎಲ್ ದಿಕ್ಕಾಕ್ಕೆ ಬರೋಣ. ಪೋಲೆಂಡಿನ ಪುರಾತತ್ವಜ್ಞರು 1960ರಿಂದ ಅಗೆದ ಈ ಜಾಗದಲ್ಲಿ ಅಮೃತಶಿಲೆಯ ಆಸನಗಳ ರೋಮನ್ ರಂಗಮಂದಿರವಿದೆ. ವಿದ್ಯಾರ್ಥಿಗಳಾದ ನೀವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅದರ ಪಕ್ಕದ ಕೋಣೆಗಳ ಬಳಿ. ಸುಮಾರು ಇಪ್ಪತ್ತು ಕೋಣೆಗಳು, ಗೋಡೆಯುದ್ದಕ್ಕೂ ಕಲ್ಲಿನ ಬೆಂಚುಗಳು, ನಡುವೆ ಗುರುವಿಗೆ ಎತ್ತರದ ಆಸನ! ಸುಮಾರು 1,500 ವರ್ಷಗಳ ಹಿಂದೆ ನಿಮ್ಮಂಥ ಹುಡುಗರು ಇಲ್ಲಿ ಕುಳಿತು ಪಾಠ ಕೇಳಿದ್ದರು.

ಮಹಾಗ್ರಂಥಾಲಯದ ಕಥೆ ಇದಕ್ಕೂ ಹಳೆಯದು. ಟಾಲೆಮಿ ವಂಶದ ರಾಜರು ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅದನ್ನು ಬೆಳೆಸಿದರು. ಬಂದರಿಗೆ ಬಂದ ಹಡಗುಗಳಲ್ಲಿನ ಪುಸ್ತಕಗಳನ್ನು ಕಿತ್ತುಕೊಂಡು, ಪ್ರತಿ ಮಾಡಿಸಿ, ಮೂಲವನ್ನು ತಾವಿಟ್ಟುಕೊಂಡು ಪ್ರತಿಯನ್ನು ಮಾಲೀಕನಿಗೆ ಕೊಡುತ್ತಿದ್ದರೆಂದು ವೈದ್ಯ ಗೇಲನ್ ಬರೆದಿದ್ದಾನೆ. ಇಲ್ಲಿಯ ಗ್ರಂಥಪಾಲಕ ಎರಟೋಸ್ತನೀಸ್ ಕೋಣೆ ಬಿಟ್ಟು ಹೋಗದೆ ಭೂಮಿಯ ಸುತ್ತಳತೆ ಕಂಡುಹಿಡಿದ ಎನ್ನಬಹುದು. ದಕ್ಷಿಣದ ಸೈಯೀನ್ ಊರಿನಲ್ಲಿ ವರ್ಷದ ಅತಿ ದೀರ್ಘ ಹಗಲಿನಂದು ನಡುಮಧ್ಯಾಹ್ನ ಕಂಬಕ್ಕೆ ನೆರಳಿರುವುದಿಲ್ಲ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ಸೂರ್ಯಕಿರಣದ ಓರೆ ಪೂರ್ಣ ವೃತ್ತದ ಐವತ್ತನೆಯ ಒಂದು ಭಾಗ, ಅಂದರೆ 7.2 ಡಿಗ್ರಿ. ಎರಡು ಊರುಗಳ ನಡುವೆ 5,000 ಸ್ಟೇಡಿಯ ದೂರ. ಅದನ್ನು ಐವತ್ತರಿಂದ ಗುಣಿಸಿದಾಗ 2,50,000 ಸ್ಟೇಡಿಯ ಬಂತು. ನೀವೂ ಪ್ರಯತ್ನಿಸಬಹುದು. ಚಾಮರಾಜನಗರ ಮತ್ತು ಬೀದರ್ ಹೆಚ್ಚುಕಡಿಮೆ ಒಂದೇ ಉತ್ತರ-ದಕ್ಷಿಣ ಗೆರೆಯಲ್ಲಿವೆ. ಎರಡೂ ಊರಿನ ಶಾಲೆಗಳು ಒಂದೇ ದಿನ, ನೆರಳು ಅತಿ ಗಿಡ್ಡವಾಗುವ ಹೊತ್ತಿನಲ್ಲಿ ಕೋಲಿನ ನೆರಳನ್ನು ಅಳೆದರೆ ಸಾಕು.

ಇಂಥ ಗ್ರಂಥಾಲಯವನ್ನು ಸುಟ್ಟವರು ಯಾರು? ಉತ್ತರ ಒಂದೇ ಅಲ್ಲ. ಕ್ರಿ.ಪೂ. 48ರಲ್ಲಿ ಜೂಲಿಯಸ್ ಸೀಸರನ ಯುದ್ಧದ ಬೆಂಕಿಯಲ್ಲಿ ಪುಸ್ತಕಗಳು ಉರಿದವೆಂದು ಪ್ರಾಚೀನ ಲೇಖಕರು ಹೇಳುತ್ತಾರೆ. ಕ್ರಿ.ಶ. 391ರ ಸುಮಾರಿಗೆ ಸೆರಾಪಿಸ್ ಗುಡಿಯನ್ನು ಕೆಡವಿದರು. 415ರಲ್ಲಿ ಗಣಿತಜ್ಞೆ ಹೈಪೇಷಿಯಳನ್ನು ಉದ್ರಿಕ್ತ ಗುಂಪು ಕೊಂದಿತು. ಅರಬರು ಸುಟ್ಟರೆಂಬ ಕಥೆ ಹುಟ್ಟಿದ್ದು ಆ ಘಟನೆ ನಡೆಯಿತೆನ್ನುವ ಕಾಲದಿಂದ ಶತಮಾನಗಳ ನಂತರ. ಇಂದಿನ ಬಹುತೇಕ ಇತಿಹಾಸಕಾರರು ಅದನ್ನು ನಂಬುವುದಿಲ್ಲ. ಪಪೈರಸ್ ಬೇಗ ಹಾಳಾಗುವ ವಸ್ತು. ಮತ್ತೆ ಮತ್ತೆ ಪ್ರತಿ ಮಾಡದಿದ್ದರೆ ಪುಸ್ತಕ ತಾನಾಗಿಯೇ ಸಾಯುತ್ತದೆ. ರಾಜರ ನೆರವು ತಪ್ಪಿದಾಗ, ಓದುವವರು ಕಡಿಮೆಯಾದಾಗ, ಬೆಂಕಿಯಿಲ್ಲದೆಯೂ ಗ್ರಂಥಾಲಯ ಬರಿದಾಗುತ್ತದೆ. ಒಬ್ಬನೇ ಅಪರಾಧಿಯನ್ನು ಹುಡುಕುವುದು ಸುಲಭ, ಉದಾಸೀನವನ್ನು ಗುರುತಿಸುವುದು ಕಷ್ಟ.

ಸಂಜೆ ಮತ್ತೆ ಕಡಲಿನ ಬಳಿಗೆ ಬರೋಣ. ಬಂದರಿನ ಪೂರ್ವ ತುದಿಯಲ್ಲಿ, ನೆಲದಿಂದ ಮೇಲೇಳುವ ಸೂರ್ಯನಂತೆ ಓರೆಯಾದ ದುಂಡು ಛಾವಣಿಯ ಕಟ್ಟಡವೊಂದು ಕಾಣುತ್ತದೆ. ಯುನೆಸ್ಕೋ ನೆರವಿನಿಂದ ಕಟ್ಟಿ, 2002ರಲ್ಲಿ ಉದ್ಘಾಟಿಸಿದ ಹೊಸ ಗ್ರಂಥಾಲಯ ಅದು. ಅದರ ಬೂದು ಗ್ರಾನೈಟ್ ಗೋಡೆಯ ಮೇಲೆ ಜಗತ್ತಿನ ಹಲವು ಲಿಪಿಗಳ ಅಕ್ಷರಗಳನ್ನು ಕೊರೆದಿದ್ದಾರೆ. 2011ರ ಜನವರಿಯಲ್ಲಿ ಈಜಿಪ್ಟಿನಲ್ಲಿ ಜನಕ್ರಾಂತಿ ಎದ್ದು, ನಗರದಲ್ಲಿ ಸರ್ಕಾರಿ ಕಟ್ಟಡಗಳು ಹೊತ್ತಿ ಉರಿದವು. ಬೀದಿಯಲ್ಲಿ ಪೊಲೀಸರಿರಲಿಲ್ಲ. ಆಗ ಯುವಕ ಯುವತಿಯರು ಕೈಗೆ ಕೈ ಹಿಡಿದು ಈ ಗ್ರಂಥಾಲಯದ ಸುತ್ತ ಸರಪಳಿಯಾಗಿ ನಿಂತರು. ಒಳಗಿನ ಪುಸ್ತಕಗಳು ಸುರಕ್ಷಿತವಾಗಿ ಉಳಿದವು.

ಬೆಳಿಗ್ಗೆ ಕೇಳಿಕೊಂಡ ಪ್ರಶ್ನೆಗೆ ಆ ಯುವಜನರು ಒಂದು ಉತ್ತರ ಕೊಟ್ಟಿದ್ದಾರೆ. ನಿಮ್ಮೂರಿನ ಗ್ರಂಥಾಲಯದ ಬಾಗಿಲು ಯಾವ ಹೊತ್ತಿಗೆ ತೆರೆಯುತ್ತದೆಂದು ನಾಳೆಯೇ ಹೋಗಿ ನೋಡಿ ಬನ್ನಿ.