ಹೊಸ ಗಣಕಯಂತ್ರದಲ್ಲಿ ಇ-ಮೇಲ್ ಪದೇ ಪದೇ ಗುಪ್ತಪದ ಕೇಳಿದಾಗ ಅನುಸರಿಸಬೇಕಾದ ಕ್ರಮಗಳು

ಆನ್‌ಲೈನ್ ಮೂಲಕ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರಿಗೆ ಸ್ವೀಕೃತಿ, ಕೊರತೆ ದಾಖಲೆಗಳ ಬಗ್ಗೆ ತಿಳಿವಳಿಕೆ ಮತ್ತು ಇತರ ಸೂಚನೆಗಳು ಅರ್ಜಿಯಲ್ಲಿ ನಮೂದಿಸಿದ ಇ-ಮೇಲ್ ವಿಳಾಸಕ್ಕೆ ಬರುವುದುಂಟು. ಗಣಕಯಂತ್ರವನ್ನು ಬದಲಾಯಿಸಿದ ನಂತರ ಇ-ಮೇಲ್ ತಂತ್ರಾಂಶವು ಗುಪ್ತಪದವನ್ನು, ಅಂದರೆ ಪಾಸ್‌ವರ್ಡನ್ನು, ಕೇಳುತ್ತಲೇ ಇದ್ದರೆ ಇಂತಹ ಸೂಚನೆಗಳು ಅರ್ಜಿದಾರರ ಗಮನಕ್ಕೆ ಬಾರದೆ, ಉತ್ತರಿಸಬೇಕಾದ ಅವಧಿಯೇ ಮುಗಿದುಹೋಗಬಹುದು. ಗುಪ್ತಪದ ಕೇಳಿದ ಮಾತ್ರಕ್ಕೆ ಅದು ತಪ್ಪಾಗಿದೆ ಎಂದರ್ಥವಲ್ಲ. ಆದ್ದರಿಂದ ಗುಪ್ತಪದವನ್ನು ಬದಲಾಯಿಸಲು ಆತುರಪಡದೆ, ಮೊದಲು ಕಾರಣವನ್ನು ಗುರುತಿಸಿಕೊಳ್ಳುವುದು ಸೂಕ್ತ.

1. ಪ್ರಾಥಮಿಕ ಪರಿಶೀಲನೆ

ಇ-ಮೇಲ್ ತಂತ್ರಾಂಶವನ್ನು ಮುಚ್ಚಿ, ಬ್ರೌಸರ್‌ನಲ್ಲಿ ಇ-ಮೇಲ್ ಸೇವೆಯ ಅಂತರ್ಜಾಲ ತಾಣದ ವಿಳಾಸವನ್ನು ಸ್ವತಃ ಟೈಪ್ ಮಾಡಿ, ಅದೇ ಗುಪ್ತಪದದೊಂದಿಗೆ ಖಾತೆಯನ್ನು ಪ್ರವೇಶಿಸಬೇಕು.

ಅ) ಪ್ರವೇಶ ದೊರೆತರೆ ಗುಪ್ತಪದ ಸರಿಯಾಗಿದೆ, ದೋಷವು ಹೊಸ ಗಣಕಯಂತ್ರದ ವ್ಯವಸ್ಥೆಯಲ್ಲಿದೆ. ಬಂದಿರುವ ಪತ್ರಗಳನ್ನು ಅಲ್ಲಿಯೇ ಓದಿ ಉತ್ತರಿಸಬಹುದು. ನಂತರ 2ನೇ ಕ್ರಮಾಂಕದಲ್ಲಿನ ಕಾರಣಗಳನ್ನು ನೋಡುವುದು.

ಆ) ಪ್ರವೇಶ ದೊರೆಯದಿದ್ದರೆ ಕ್ಯಾಪ್ಸ್ ಲಾಕ್ ಕೀಲಿಯನ್ನೂ ಕೀಲಿಮಣೆಯ ಭಾಷೆಯನ್ನೂ ಪರಿಶೀಲಿಸಬೇಕು. ಕೀಲಿಮಣೆಯು ಕನ್ನಡ ವಿನ್ಯಾಸದಲ್ಲಿದ್ದರೆ ಗುಪ್ತಪದದ ಸ್ಥಾನದಲ್ಲಿ ಚುಕ್ಕೆಗಳಷ್ಟೇ ಕಾಣುವುದರಿಂದ ತಪ್ಪು ತಿಳಿಯುವುದಿಲ್ಲ. ಪದೇ ಪದೇ ತಪ್ಪು ಗುಪ್ತಪದ ನೀಡಿದಲ್ಲಿ ಖಾತೆಯು ತಾತ್ಕಾಲಿಕವಾಗಿ ಸ್ಥಗಿತಗೊಳ್ಳಬಹುದು.

2. ಸಾಮಾನ್ಯ ಕಾರಣಗಳು ಮತ್ತು ಪರಿಹಾರ

ಅ) ಉಳಿಸಿದ ಗುಪ್ತಪದ ವರ್ಗಾವಣೆಯಾಗದಿರುವುದು: ಕಡತಗಳನ್ನು ನಕಲು ಮಾಡಿದರೂ ವಿಂಡೋಸ್‌ನಲ್ಲಿ ಉಳಿಸಿದ ಗುಪ್ತಪದಗಳು ಸಾಮಾನ್ಯವಾಗಿ ಹಳೆಯ ಯಂತ್ರದಲ್ಲಿಯೇ ಉಳಿಯುತ್ತವೆ. ಹೊಸ ಯಂತ್ರದಲ್ಲಿ ಒಮ್ಮೆ ಗುಪ್ತಪದ ನಮೂದಿಸಿ ಉಳಿಸಿದರೆ ಸಾಕು. ಮೊದಲು ತಪ್ಪಾಗಿ ಉಳಿಸಿದ್ದರೆ, ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಸದರಿ ಇ-ಮೇಲ್ ಖಾತೆಗೆ ಸಂಬಂಧಿಸಿದ ನಮೂದನ್ನು ಅಳಿಸಿ, ತಂತ್ರಾಂಶವನ್ನು ಪುನಃ ತೆರೆಯಬೇಕು.

ಆ) ಹಳೆಯ ಪ್ರವೇಶ ವಿಧಾನ: ಬಳಕೆದಾರರ ಹೆಸರು ಮತ್ತು ಗುಪ್ತಪದ ಮಾತ್ರ ಕೇಳುವ ತಂತ್ರಾಂಶಗಳಿಗೆ ವೈಯಕ್ತಿಕ ಜಿಮೇಲ್ ಖಾತೆಗಳ ಪ್ರವೇಶವನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಔಟ್‌ಲುಕ್.ಕಾಂ ಹಾಗೂ ಹಾಟ್‌ಮೇಲ್ ಖಾತೆಗಳಿಗೆ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಂದು ಇದೇ ನಿರ್ಬಂಧ ವಿಧಿಸಿತು. ಹೀಗಾಗಿ ಹಳೆಯ ಆವೃತ್ತಿಯ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಸ್ಥಾಪಿಸಿದಾಗ, ಸರಿಯಾದ ಗುಪ್ತಪದ ನೀಡಿದರೂ ಅದು ತಿರಸ್ಕೃತವಾಗುತ್ತದೆ. ತಂತ್ರಾಂಶದ ಇತ್ತೀಚಿನ ಆವೃತ್ತಿಯನ್ನು ಸ್ಥಾಪಿಸಿ, ಖಾತೆಯನ್ನು ಹೊಸದಾಗಿ ಸೇರಿಸಬೇಕು. ಥಂಡರ್‌ಬರ್ಡ್ ಬಳಸುವವರು ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ದೃಢೀಕರಣ ವಿಧಾನವನ್ನು 'ಓಆತ್2' ಎಂದು ಆಯ್ಕೆ ಮಾಡಬೇಕು.

ಇ) ಆಪ್ ಪಾಸ್‌ವರ್ಡ್: ಜಿಮೇಲ್‌ನಲ್ಲಿ ಎರಡು ಹಂತದ ಪರಿಶೀಲನೆ ಅಳವಡಿಸಿಕೊಂಡವರ ಹಳೆಯ ತಂತ್ರಾಂಶದಲ್ಲಿ 16 ಅಕ್ಷರಗಳ ಆಪ್ ಪಾಸ್‌ವರ್ಡ್ ಉಳಿದಿದ್ದಿರಬಹುದು. ಹೊಸ ಯಂತ್ರದಲ್ಲಿ ಖಾತೆಯ ಸಾಮಾನ್ಯ ಗುಪ್ತಪದವನ್ನು ನೀಡಿದರೆ ಅದು ಅಂಗೀಕೃತವಾಗುವುದಿಲ್ಲ. ಗೂಗಲ್ ಖಾತೆಯಲ್ಲಿ ಹೊಸ ಆಪ್ ಪಾಸ್‌ವರ್ಡ್ ರಚಿಸಿಕೊಂಡು ಬಳಸಬಹುದು. ಖಾತೆಯ ಮುಖ್ಯ ಗುಪ್ತಪದವನ್ನು ಬದಲಾಯಿಸಿದರೆ ಹಿಂದಿನ ಎಲ್ಲ ಆಪ್ ಪಾಸ್‌ವರ್ಡ್‌ಗಳು ರದ್ದಾಗುತ್ತವೆ. ಕಾರಣ ತಿಳಿಯದೆ ಗುಪ್ತಪದ ಬದಲಾಯಿಸಿದವರಿಗೆ ತೊಂದರೆಯು ಹೆಚ್ಚುವುದು ಇದರಿಂದಲೇ.

ಈ) ಪತ್ರ ಕಳುಹಿಸುವಾಗ ಮಾತ್ರ ಗುಪ್ತಪದ ಕೇಳುವುದು: ಬರುವ ಮತ್ತು ಹೋಗುವ ಪತ್ರಗಳಿಗೆ ಪ್ರತ್ಯೇಕ ಸರ್ವರ್‌ಗಳಿರುತ್ತವೆ. ಹೋಗುವ ಪತ್ರಗಳ ಸರ್ವರ್‌ಗೂ ಬಳಕೆದಾರರ ಹೆಸರು ಹಾಗೂ ದೃಢೀಕರಣ ವಿಧಾನವನ್ನು ನಮೂದಿಸಬೇಕು.

ಉ) ದಿನಾಂಕ ಮತ್ತು ಸಮಯ: ಗಣಕಯಂತ್ರದ ದಿನಾಂಕ ತಪ್ಪಾಗಿದ್ದರೆ ಸುರಕ್ಷಿತ ಸಂಪರ್ಕ ಏರ್ಪಡುವುದಿಲ್ಲ. ದಿನಾಂಕ, ಸಮಯ ಹಾಗೂ ಭಾರತೀಯ ಕಾಲಮಾನವನ್ನು ಸರಿಪಡಿಸಬೇಕು.

3. ಹಳೆಯ ಗಣಕಯಂತ್ರದ ಬಗ್ಗೆ

ಹೊಸ ಯಂತ್ರದಲ್ಲಿ ಪತ್ರಗಳು ಬರುವುದು ಮತ್ತು ಹೋಗುವುದು ಖಚಿತವಾಗುವವರೆಗೆ ಹಳೆಯ ಯಂತ್ರವನ್ನು ಮಾರಬಾರದು. ಅದರಲ್ಲಿನ ಮಾಹಿತಿಯನ್ನು ಅಳಿಸಬಾರದು. ಮರೆತ ಗುಪ್ತಪದವು ಅದರ ಬ್ರೌಸರ್‌ನಲ್ಲಿ ಉಳಿದಿರಬಹುದು. ಖಾತೆಯನ್ನು ಮರಳಿ ಪಡೆಯಬೇಕಾದಾಗಲೂ, ಈ ಹಿಂದೆ ಬಳಸಿದ ಯಂತ್ರ ಮತ್ತು ಸ್ಥಳದಿಂದ ಪ್ರಯತ್ನಿಸುವಂತೆ ಗೂಗಲ್ ಸೂಚಿಸುತ್ತದೆ. 'ಪಾಪ್' ವಿಧಾನದಲ್ಲಿ ಪತ್ರಗಳನ್ನು ಇಳಿಸಿಕೊಳ್ಳುತ್ತಿದ್ದವರ ಹಳೆಯ ಪತ್ರಗಳು ಆ ಯಂತ್ರದಲ್ಲಿ ಮಾತ್ರ ಇರುವ ಸಾಧ್ಯತೆಯಿದೆ. ಅವುಗಳ ಪ್ರತಿಯನ್ನು ತೆಗೆದಿರಿಸಿದ ಬಳಿಕವೇ ಯಂತ್ರವನ್ನು ವಿಲೇವಾರಿ ಮಾಡುವುದು.

4. ಎಚ್ಚರಿಕೆ

ಅ) ಇ-ಮೇಲ್ ಅಥವಾ ಎಸ್‌ಎಂಎಸ್‌ನಲ್ಲಿ ಬಂದ ಕೊಂಡಿಯನ್ನು ಒತ್ತಿದಾಗ ತೆರೆಯುವ ಪುಟದಲ್ಲಿ ಗುಪ್ತಪದ ನಮೂದಿಸಬಾರದು. ಅಂತಹ ಪುಟಗಳು ನಕಲಿಯಾಗಿರಬಹುದು.

ಆ) ಗುಪ್ತಪದ ಅಥವಾ ಓಟಿಪಿಯನ್ನು ದೂರವಾಣಿಯಲ್ಲಿ ಯಾರಿಗೂ ತಿಳಿಸಬಾರದು.

ಇ) ಸೈಬರ್ ಕೇಂದ್ರ ಹಾಗೂ ಇತರರ ಗಣಕಯಂತ್ರಗಳಲ್ಲಿ ಗುಪ್ತಪದವನ್ನು ಉಳಿಸದೆ, ಕೆಲಸ ಮುಗಿದ ಕೂಡಲೇ ಖಾತೆಯಿಂದ ನಿರ್ಗಮಿಸಬೇಕು.

ಈ) ವಂಚನೆಯಿಂದ ಹಣ ಕಳೆದುಕೊಂಡಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡುವುದು.

5. ಅರ್ಜಿ ಬಾಕಿ ಇರುವವರಿಗೆ

ಇ-ಮೇಲ್ ಸರಿಹೋಗುವವರೆಗೆ ಕಾಯದೆ, ಅರ್ಜಿ ಸಲ್ಲಿಸಿದ ತಾಣದಲ್ಲಿ ಅರ್ಜಿಯ ಸಂಖ್ಯೆಯನ್ನು ನಮೂದಿಸಿ ಸ್ಥಿತಿಯನ್ನು ಪರಿಶೀಲಿಸಬೇಕು. ಖಾತೆಯನ್ನು ಮರಳಿ ಪಡೆಯಲು ಸಾಧ್ಯವಾಗದಿದ್ದಲ್ಲಿ, ಸ್ವೀಕೃತಿಯ ಪ್ರತಿಯೊಂದಿಗೆ ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸಿ, ಇ-ಮೇಲ್ ವಿಳಾಸದ ಬದಲಾವಣೆಗಾಗಿ ಲಿಖಿತ ಮನವಿ ಸಲ್ಲಿಸುವುದು.