ಎರಡು ಶಾಸನಗಳ ನಡುವೆ: ನಾಲತವಾಡ ಸೀಮೆಯಲ್ಲಿ ಪರಂಪರೆಯ ರಕ್ಷಣೆ

ಕನ್ನಡದಲ್ಲಿ ‘ಶಾಸನ’ ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ಅದು ಕಲ್ಲಿನ ಬರಹವೂ ಹೌದು, ಸರ್ಕಾರದ ಕಾಯ್ದೆಯೂ ಹೌದು. ನಾಲತವಾಡ ಸೀಮೆಯಲ್ಲಿ, ಅಂದರೆ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಭಾಗದಲ್ಲಿ, ಪರಂಪರೆಯ ರಕ್ಷಣೆಯ ಇತಿಹಾಸವನ್ನು ಹುಡುಕುವವರು ಈ ಎರಡೂ ಅರ್ಥಗಳನ್ನು ಒಟ್ಟಿಗೇ ಹಿಡಿಯಬೇಕು. ಸ್ಮಾರಕ ಸಂರಕ್ಷಣೆ ಬ್ರಿಟಿಷರ ಕಾಲದಲ್ಲಿ ಹುಟ್ಟಿತು ಎಂದೇ ಸಾಮಾನ್ಯವಾಗಿ ಬರೆಯುತ್ತಾರೆ. ಕಾಯ್ದೆಯ ಮಟ್ಟಿಗೆ ಅದು ಸರಿ. ಕಲ್ಲಿನ ಶಾಸನಗಳನ್ನು ಓದಿದವರು ಮಾತ್ರ ಅದನ್ನು ಪೂರ್ತಿ ಒಪ್ಪಲಾರರು.

ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದಿಂದ ಆರಂಭಿಸುತ್ತೇನೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ ಈ ಬರಹ ಕ್ರಿ.ಶ. 945ರದು. ‘ಎಪಿಗ್ರಾಫಿಯಾ ಇಂಡಿಕಾ’ದ 4ನೇ ಸಂಪುಟದಲ್ಲಿ ಕೀಲ್‌ಹಾರ್ನ್ ಇದನ್ನು ಸಂಪಾದಿಸಿದ್ದಾರೆ. ಆಗ ಊರಿನ ಹೆಸರು ಪಾವಿಟ್ಟಗೆ. ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ತ್ರೈಪುರುಷ ದೇವರಿಗಾಗಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬರುತ್ತಿದ್ದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು. ಅವರಿಗಾಗಿ 500 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ, ದೀಪಕ್ಕೆಂದು 12 ನಿವರ್ತನ ಭೂಮಿಯನ್ನು ಬಿಟ್ಟಿದ್ದರು. ಇಂಥ ದತ್ತಿಯ ವಿವರಗಳು ಬೇರೆ ಶಾಸನಗಳಲ್ಲೂ ಸಿಗುತ್ತವೆ. ನನ್ನ ಗಮನ ಸೆಳೆದದ್ದು ಮುಂದಿನ ಮಾತು. ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಿಮೆ, ಹೀಗೆ ಶಾಲೆಗೆ ಸಲ್ಲಬೇಕಿತ್ತು. ಮಂತ್ರಿ ಕಟ್ಟಿಸಿದ್ದನ್ನು ಉಳಿಸಿಕೊಳ್ಳುವ ಹೊಣೆಯಲ್ಲಿ ಊರಿನ ಮನೆಗಳಿಗೂ ಪಾಲಿತ್ತು. ನಿರ್ವಹಣೆಗೆ ಒಂದು ಖಾಯಂ ವ್ಯವಸ್ಥೆಯೇ ಇತ್ತು.

ದತ್ತಿ ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವನ್ನು ನಾವು ಓದದೆ ದಾಟಿಬಿಡುತ್ತೇವೆ. ಕಾಪಾಡಿದವನಿಗೆ ವಾರಣಾಸಿಯಲ್ಲಿ ಗೋದಾನ ಮಾಡಿದ ಪುಣ್ಯ, ಅಳಿದವನಿಗೆ ಅಲ್ಲಿಯೇ ಗೋವನ್ನು ಕೊಂದ ಪಾಪ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದೇ ದೊಡ್ಡದು ಎಂಬ ನಿಲುವೂ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ದಂಡದ ಬದಲು ಪಾಪ, ಕಾವಲುಗಾರನ ಬದಲು ಊರು. ಇದು ಕಟ್ಟಡದ ಕಲೆಯನ್ನಲ್ಲ, ದತ್ತಿಯನ್ನು ಕಾಯುತ್ತಿತ್ತು ಎಂದು ಆಕ್ಷೇಪಿಸಬಹುದು. ಆದರೆ ದತ್ತಿ ನಿಂತರೆ ಗುಡಿಯ ಮಾಳಿಗೆ ಎಷ್ಟು ಮಳೆಗಾಲ ತಡೆದೀತು?

ಕಾಯ್ದೆಯ ಶಾಸನ ಈ ಜಿಲ್ಲೆಗೆ ಬಂದದ್ದು ವಿಜಯಪುರ ನಗರದ ದಾರಿಯಿಂದ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಆದಿಲಶಾಹಿ ಮಹಲು, ಮಸೀದಿಗಳು ಕಚೇರಿಗಳಾದವು. 1900ರಲ್ಲಿ ನಗರ ನೋಡಿದ ವೈಸರಾಯ್ ಕರ್ಜನ್, ಒಂದು ಮಸೀದಿಯಿಂದ ಡಾಕ್ ಬಂಗ್ಲೆಯನ್ನೂ ಇನ್ನೊಂದರಿಂದ ಅಂಚೆ ಕಚೇರಿಯನ್ನೂ ಹೊರಗೆ ಹಾಕಿಸಿದ್ದನ್ನು ಮುಂದೆ ತನ್ನ ಭಾಷಣದಲ್ಲಿ ಹೆಮ್ಮೆಯಿಂದ ಹೇಳಿಕೊಂಡ. ಆತ ತಂದ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆಯ ಬೆನ್ನಿಗೆ ವಿಜಯಪುರದ ಈ ಅನುಭವವೂ ಇತ್ತು. ಸರ್ಕಾರ ತಾನೇ ಕೆಡಿಸುತ್ತಿದ್ದುದನ್ನು ತನ್ನಿಂದಲೇ ಕಾಪಾಡಿಕೊಳ್ಳಲು ಮಾಡಿದ ಕಾಯ್ದೆ ಅದು ಎಂದರೆ ಅತಿಯಾಗದು. ಹೆನ್ರಿ ಕಸಿನ್ಸ್ 1916ರಲ್ಲಿ ವಿಜಯಪುರದ ವಾಸ್ತುವಿನ ಬಗ್ಗೆ ದೊಡ್ಡ ಗ್ರಂಥವನ್ನೇ ಹೊರತಂದರು. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಲ್ಲೇ ವಸ್ತುಸಂಗ್ರಹಾಲಯ ತೆರೆದಿತ್ತು.

ಸ್ವಾತಂತ್ರ್ಯಾನಂತರ ಕೇಂದ್ರದ 1958ರ ಕಾಯ್ದೆ, ರಾಜ್ಯದ 1961ರ ಕಾಯ್ದೆ ಬಂದವು. ಈಗ ದೇಶದಲ್ಲಿ ಕೇಂದ್ರದ ರಕ್ಷಣೆಯಲ್ಲಿ 3,600ಕ್ಕೂ ಹೆಚ್ಚು ಸ್ಮಾರಕಗಳಿವೆ. ಕರ್ನಾಟಕದ ಪಾಲು 500ಕ್ಕೂ ಹೆಚ್ಚು. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಯುನೆಸ್ಕೊ ಪಟ್ಟಿಗೆ ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ಸೇರಿದವು. 2014ರಲ್ಲಿ ದಖ್ಖನಿನ ಸುಲ್ತಾನರ ಸ್ಮಾರಕಗಳೆಂದು ವಿಜಯಪುರವೂ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿತು.

ಈ ಕಾಯ್ದೆಗಳು ಗುರುತಿಸುವುದು ಕಟ್ಟಡ, ಗುಹೆ, ಶಿಲ್ಪ, ಬರಹ, ಇಲ್ಲವೇ ಅವಶೇಷವಿರುವ ನೆಲ. ಅದಕ್ಕೆ ನೂರು ವರ್ಷ ತುಂಬಿರಬೇಕು. ನಾಲತವಾಡದ ಸುತ್ತಲಿನ ಪರಂಪರೆ ಈ ಅಳತೆಗೆ ಸುಲಭವಾಗಿ ಒಗ್ಗುವುದಿಲ್ಲ. ಊರಿನ ಉತ್ತರಕ್ಕೆ ತಾಳಿಕೋಟೆ. ನೈರುತ್ಯಕ್ಕೆ ಕೃಷ್ಣೆಯ ದಂಡೆಯ ತಂಗಡಗಿ. ವಿಜಯನಗರದ ಹಣೆಬರಹ ಬದಲಿಸಿದ 1565ರ ಜನವರಿ ಕಾಳಗವನ್ನು ಕೆಲವರು ತಾಳಿಕೋಟೆಯ ಹೆಸರಿನಿಂದ, ಇನ್ನು ಕೆಲವರು ರಕ್ಕಸಗಿ–ತಂಗಡಗಿಯ ಹೆಸರಿನಿಂದ, ಮತ್ತೆ ಕೆಲವರು ಬನ್ನಿಹಟ್ಟಿಯ ಹೆಸರಿನಿಂದ ಕರೆಯುತ್ತಾರೆ. ಹೆಸರೇ ನೆಲೆಗೊಳ್ಳದ ರಣಭೂಮಿಗೆ ಗಡಿ ಹಾಕುವುದು ಹೇಗೆ? ದಕ್ಷಿಣ ಭಾರತದ ಅತಿ ದೊಡ್ಡ ತಿರುವು ನಡೆದದ್ದು ಜೋಳದ ಹೊಲಗಳ ಈ ಸೀಮೆಯಲ್ಲಿ. ನೋಡಲು ಬಂದವರಿಗೆ ತೋರಿಸಲು ಹಂಪಿಯ ಹಾಳಿದೆ, ಯುದ್ಧದ ನೆಲವಿಲ್ಲ.

ಇನ್ನು ಹೊಳೆ. ನಾಲತವಾಡದ ದಕ್ಷಿಣಕ್ಕೆ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಹಿನ್ನೀರು ಮಲಪ್ರಭೆ–ಕೃಷ್ಣೆ ಕೂಡುವ ಕೂಡಲಸಂಗಮದವರೆಗೆ ಏರಿತು. ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಅದರ ಸುತ್ತ ಬಾವಿಯಂತೆ ಗುಂಡಗೆ ಗೋಡೆ ಎಬ್ಬಿಸಿದರು. ಈಗ ಭಕ್ತರು ಸುತ್ತಲೂ ನೀರು ನೋಡುತ್ತ, ಮೆಟ್ಟಿಲಿಳಿದು ಐಕ್ಯಲಿಂಗದ ಬಳಿಗೆ ಹೋಗುತ್ತಾರೆ. ಈಚೆ ದಂಡೆಯ ತಂಗಡಗಿಯಲ್ಲಿ ಬಸವಣ್ಣನವರ ಪತ್ನಿ ನೀಲಾಂಬಿಕೆಯ ಐಕ್ಯಮಂಟಪವಿದೆ. ಲಿಂಗ ಉಳಿಯಿತು, ಅದು ಐಕ್ಯಸ್ಥಳವಾಗಲು ಕಾರಣವಾದ ಸಂಗಮದ ರೂಪ ಉಳಿಯಲಿಲ್ಲ. ನೀರಾವರಿ ಬೇಡವಿತ್ತು ಎಂದು ನಾನು ಹೇಳುತ್ತಿಲ್ಲ. ಬರದ ಈ ಸೀಮೆಯಲ್ಲಿ ಆ ಮಾತಾಡಲು ಯಾರಿಗೂ ಬಾಯಿ ಬಾರದು. ನನ್ನ ಪ್ರಶ್ನೆ ಇಂಥ ನೆಲವನ್ನು ಪರಂಪರೆಯೆಂದು ಗುರುತಿಸುವುದು ಹೇಗೆ ಎಂಬುದು. ಯುನೆಸ್ಕೊದ 1972ರ ಒಪ್ಪಂದ ಪರಂಪರೆಯನ್ನು ನಿಸರ್ಗ, ಸಂಸ್ಕೃತಿ ಎಂದು ಎರಡು ಪಾಲು ಮಾಡಿತು. ಎರಡೂ ಬೆರೆತ ನೆಲಕ್ಕೆ ‘ಸಾಂಸ್ಕೃತಿಕ ಭೂದೃಶ್ಯ’ ಎಂಬ ಹೊಸ ವರ್ಗ ಮಾಡಿದ್ದು 1992ರಲ್ಲಿ. ಅಷ್ಟರಲ್ಲಿ ಸಂಗಮ ಹತ್ತು ವರ್ಷದಿಂದ ನೀರಿನಲ್ಲಿತ್ತು.

ನಾಲತವಾಡದ ವೀರೇಶ್ವರ ಶರಣರ ಸನ್ನಿಧಿಯಂಥ ಕ್ಷೇತ್ರಗಳ ಪ್ರಶ್ನೆ ಬೇರೆ. ಜನ ನಡೆದುಕೊಳ್ಳುವ ಜಾಗ ಪ್ರತಿ ತಲೆಮಾರಿಗೂ ಹೊಸದಾಗುತ್ತದೆ. ಸುಣ್ಣ, ಸಿಮೆಂಟು, ಗೋಪುರ ಬರುತ್ತವೆ. ಪುರಾತತ್ವದವರು ಇದನ್ನು ಹಾನಿ ಎನ್ನುತ್ತಾರೆ, ಭಕ್ತರು ಸೇವೆ ಎನ್ನುತ್ತಾರೆ. ಸಾಲೋಟಗಿಯ ಊರವರು ಮದುವೆಯ ಹೊತ್ತಿಗೆ ಕೊಡುತ್ತಿದ್ದ ನಾಣ್ಯವನ್ನು ನೆನೆದರೆ ಭಕ್ತರ ಮಾತಿನಲ್ಲೂ ಹುರುಳಿದೆ ಎನಿಸುತ್ತದೆ.

ಉಳಿದದ್ದು ಬಿಡಿ ಕಲ್ಲುಗಳು. ಸಿಂದಗಿ ಸೀಮೆಯ ಯರಗಲ್ಲಿನವರಾದ ಎಂ.ಎಂ. ಕಲಬುರ್ಗಿ ‘ಶಾಸನಗಳಲ್ಲಿ ಶಿವಶರಣರು’ ಬರೆದು, ಇಂಥ ಕಲ್ಲುಗಳಿಂದ ಶರಣರ ಚರಿತ್ರೆಗೆ ಆಧಾರ ಹುಡುಕಿದರು. ಬಸವಣ್ಣನವರನ್ನು ಬಾಗೇವಾಡಿಯ ಮಾದಿರಾಜನ ಮಗನೆಂದು ಹೇಳುವ 1260ರ ಅರ್ಜುನವಾಡ ಶಾಸನವೂ ಹಳ್ಳಿಯ ಕಲ್ಲೇ. ನಿಮ್ಮೂರ ಅಗಸಿಯಲ್ಲಿ, ಹನುಮಪ್ಪನ ಗುಡಿಯ ಕಟ್ಟೆಯಲ್ಲಿ, ಹೊಲದ ಬದುವಿನಲ್ಲಿ ಅಕ್ಷರದ ಕಲ್ಲು ಕಂಡರೆ ಅದಕ್ಕೆ ಬಣ್ಣ ಬಳಿಯಬೇಡಿ, ಜಾಗ ಬದಲಿಸಬೇಡಿ. ಫೋಟೊ ತೆಗೆದು ಪುರಾತತ್ವ ಇಲಾಖೆಗೆ ಕಳಿಸಿ, ಒಂದು ಪ್ರತಿ ಊರ ಪಂಚಾಯಿತಿಯಲ್ಲೂ ಇರಲಿ.