ಪದ ಪರಿಚಯ: ಸರ್ಫ್ಯಾಕ್ಟೆಂಟ್

ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡ ಬಸುರಿಗೆ ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಹೆರಿಗೆ ವಾರ್ಡುಗಳಲ್ಲಿ 'ಮಗು ಲಂಗ್ಸ್ ಬಲಿಯೋಕೆ ಇಂಜೆಕ್ಷನ್ ಕೊಡ್ತೀವಮ್ಮ' ಎನ್ನುತ್ತಾರೆ. ಆ ಇಂಜೆಕ್ಷನ್ನಿನ ಗುರಿ ಸರ್ಫ್ಯಾಕ್ಟೆಂಟ್.

ಇಂಗ್ಲಿಷಿನ ಸರ್ಫೇಸ್, ಆ್ಯಕ್ಟಿವ್, ಏಜೆಂಟ್ ಪದಗಳನ್ನು ಕತ್ತರಿಸಿ 1950ರ ಸುಮಾರಿಗೆ ಕಟ್ಟಿದ ಪದವಿದು. ಮೊದಲಿಗೆ ಡಿಟರ್ಜೆಂಟ್ ಉದ್ಯಮದ ಮಾತು. ದ್ರವದ ಮೇಲ್ಮೈ ಬಿಗಿತ ಸಡಿಲಿಸುವ ವಸ್ತು ಎಂದರ್ಥ. ಶ್ವಾಸಕೋಶದ ಗಾಳಿಚೀಲಗಳ ಒಳಗೂ ಇಂಥದೇ ಲೇಪ ಬೇಕು. ಇಲ್ಲದಿದ್ದರೆ ಉಸಿರು ಬಿಟ್ಟಾಗಲೆಲ್ಲ ಅವು ಒದ್ದೆ ಪ್ಲಾಸ್ಟಿಕ್ ಕವರಿನಂತೆ ಅಂಟಿಕೊಳ್ಳುತ್ತವೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳು ಉಸಿರಿಗೆ ಒದ್ದಾಡುವುದು ಇದರ ಕೊರತೆಯಿಂದಲೇ ಎಂದು 1959ರಲ್ಲಿ ಸಂಶೋಧಕರಾದ ಮೇರಿ ಎಲೆನ್ ಏವರಿ, ಜೆರ್ ಮೀಡ್ ತೋರಿಸಿದರು.

ಲೇಪದ ಬಹುಪಾಲು ಕೊಬ್ಬಿನಂಶ. ಜೊತೆಗೆ ಎ, ಬಿ, ಸಿ, ಡಿ ಎಂಬ ನಾಲ್ಕು ಪ್ರೋಟೀನುಗಳಿವೆ. ಬಿ ಇಲ್ಲದೆ ಮಗು ಉಸಿರಾಡಲಾರದು. ಅದರ ಜೀನನ್ನು ಗ್ಲೂಕೋಕಾರ್ಟಿಕಾಯ್ಡ್ ಹಾರ್ಮೋನು ಎಬ್ಬಿಸುತ್ತದೆ, ಇನ್ಸುಲಿನ್ ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯಿರುವ ತಾಯಂದಿರ ಮಕ್ಕಳು ಹೊಟ್ಟೆಯಲ್ಲಿರುವಾಗಲೇ ಹೆಚ್ಚು ಇನ್ಸುಲಿನ್ ತಯಾರಿಸುತ್ತವೆ; ಅವರಲ್ಲಿ ಉಸಿರಾಟದ ಈ ತೊಂದರೆ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ವಿಟಮಿನ್ ಎಯಿಂದ ಹುಟ್ಟುವ ರೆಟಿನಾಯಿಕ್ ಆಮ್ಲದ ಕೆಲಸ ಇನ್ನೂ ಸೋಜಿಗ: ಪ್ರಯೋಗಾಲಯದಲ್ಲಿ ಬೆಳೆಸಿದ ಭ್ರೂಣದ ಶ್ವಾಸಕೋಶದಲ್ಲಿ ಅದು ಬಿ ಜೀನನ್ನು ಚುರುಕುಗೊಳಿಸಿತು, ಎ ಜೀನನ್ನು ತಗ್ಗಿಸಿತು.

ಹಾಗೆಂದು ಬಸುರಿಯರು ತಾವಾಗಿಯೇ ವಿಟಮಿನ್ ಎ ಮಾತ್ರೆ ನುಂಗಬಾರದು. ಅತಿಯಾದರೆ ಮಗುವಿನ ಅಂಗಗಳಿಗೇ ಊನ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್ ಗ್ಲೂಕೋಕಾರ್ಟಿಕಾಯ್ಡ್ ಗುಂಪಿನ 6 ಮಿ.ಗ್ರಾಂ. ಡೆಕ್ಸಾಮೆಥಸೋನ್, 12 ಗಂಟೆಗೊಮ್ಮೆ, 4 ಬಾರಿ. ಅದು ಪೂರ್ತಿ ಫಲ ಕೊಡಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಅಕಾಲದಲ್ಲಿ ನೋವು ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.